ಎನ್‌ಎಸ್‌ಎಸ್ ಸೇರುವ ತಮ್ಮ ತಂಗಿಯರಿಗೆ

ಈ ವರ್ಷ ಡಿಗ್ರಿಗೆ ಸೇರಿದವರು ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಫಾರಂ ಕೈಗೆ ಬಂದರೆ ಸುಮ್ನೆ ಬ್ಯಾಗಿಗೆ ಹಾಕಿಕೊಳ್ಳಬೇಡಿ, ಅವತ್ತೇ ತುಂಬಿ ಕೊಡಿ. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ 7 ದಿನದ ವಿಶೇಷ ಶಿಬಿರ. ಎರಡೂ ಮುಗಿದರೇನೇ ಸರ್ಟಿಫಿಕೇಟ್. ಹಾಗಾಗಿ ಮಾಡಿದ ಕೆಲಸವನ್ನು ಆಗಿಂದಾಗ್ಗೆ ಡೈರಿಯಲ್ಲಿ ಬರೆದು ಕಾರ್ಯಕ್ರಮಾಧಿಕಾರಿಯ ಸಹಿ ಹಾಕಿಸಿಕೊಳ್ಳಿ.

ಶಿಬಿರದಲ್ಲಿ ಬೆಳಗ್ಗೆ ಶ್ರಮದಾನ ಮುಗಿದರೆ ಸಂಜೆ ಸಾಮಾನ್ಯವಾಗಿ ಊರಿನವರ ಮುಂದೆ ಸಾಂಸ್ಕೃತಿಕ ಕಾರ್ಯಕ್ರಮ. ಹಾಡು, ಕುಣಿತ ಬರದವರು ಹಿಂದೆ ಸರಿಯುವುದೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ, ಬೀದಿ ನಾಟಕಕ್ಕೆ ಸೇರಿ. ಮೈಕ್ ಇಲ್ಲದೆ, ಜಗಲಿ ಮೇಲೆ ಕೂತ ಅಜ್ಜಿಗೂ ಕೇಳುವ ಹಾಗೆ ಮಾತಾಡಬೇಕು. ಅಲ್ಲಿ ಹೋಗುವ ಸಭಾಕಂಪನ ಯಾವ ಕೋರ್ಸಿನಲ್ಲೂ ಹೋಗುವುದಿಲ್ಲ.

ವೇದಿಕೆ ಬೇಡವೇ ಬೇಡ ಅನ್ನುವವರು ಕಾಲೇಜು ಫೆಸ್ಟ್‌ನಲ್ಲಿ ಪರದೆ ಹಿಂದಿನ ಕೆಲಸ ಕೇಳಿ ಪಡೆಯಿರಿ. ಮುಂದಿನ ತಂಡ ರೆಡಿ ಇದೆಯಾ, ಹಾಡಿನ ಪೆನ್‌ಡ್ರೈವ್ ಯಾರ ಹತ್ತಿರ, ಗೆಜ್ಜೆ ದಾರ ಕಿತ್ತು ಬಂದರೆ ಸೂಜಿ ಎಲ್ಲಿ ಅಂತ ನಾಲ್ಕು ಕಡೆ ಒಟ್ಟಿಗೆ ನೋಡಬೇಕು. ಜನರ ಜೊತೆ ತಾಳ್ಮೆಯಿಂದ ಕೆಲಸ ಮಾಡುವುದು ಬರುವುದೇ ಇಲ್ಲಿ, ಅಲ್ವಾ?

ಒಪ್ಪಿಕೊಳ್ಳುವ ಮೊದಲು ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆ) ದಿನಾಂಕ ನೋಡಿಕೊಳ್ಳಿ. ಶಿಬಿರಕ್ಕೆ ಹೋದ ದಿನಗಳ ಹಾಜರಾತಿ ಪತ್ರವನ್ನು ವಾಪಸ್ ಬಂದ ವಾರದಲ್ಲೇ ನಿಮ್ಮ ವಿಭಾಗಕ್ಕೆ ಕೊಡಿ.