ಬ್ರೌಸರ್ ಅಪ್‌ಡೇಟ್ ಆಯಿತು, ಫೀಡ್ ನಿಂತಿತು: ಈಗೇನು ಮಾಡಬೇಕು?

ಮುಂಬಯಿಯಲ್ಲಿ ಕೂತು ಉಡುಪಿ, ಕುಂದಾಪುರ, ಹುಬ್ಬಳ್ಳಿಯ ಸುದ್ದಿಯನ್ನು ದಿನಾ ನೋಡುವವರಿಗೆ ಆರ್‌ಎಸ್‌ಎಸ್ ಫೀಡ್‌ನಷ್ಟು ಅನುಕೂಲದ್ದು ಬೇರೆ ಇಲ್ಲ. ಹತ್ತು ತಾಣಗಳನ್ನು ಒಂದೊಂದಾಗಿ ತೆರೆಯುವ ರಗಳೆಯಿಲ್ಲ, ಹೊಸ ತಲೆಬರಹಗಳೆಲ್ಲ ಒಂದೇ ಕಡೆ ಬಂದು ಬೀಳುತ್ತವೆ. ಮನೆಯಲ್ಲೇ ಇಳಿಸಿಕೊಂಡು ಹೊರಟರೆ, ಡೊಂಬಿವಲಿ ಲೋಕಲ್‌ನಲ್ಲಿ ನೆಟ್‌ವರ್ಕ್ ಹೋಗಿ ಬಂದು ಮಾಡಿದರೂ ಓದು ನಿಲ್ಲುವುದಿಲ್ಲ. ಆದರೆ ಬ್ರೌಸರ್ ತನ್ನಷ್ಟಕ್ಕೆ ಅಪ್‌ಡೇಟ್ ಆದ ಮರುದಿನ ನೋಡಿದರೆ ಪಟ್ಟಿ ಖಾಲಿ, ಇಲ್ಲವೇ ನಿನ್ನೆಯ ಸುದ್ದಿಯೇ ಇವತ್ತೂ.

ಆಗ ಎಲ್ಲರಿಗೂ ಮೊದಲು ಹೊಳೆಯುವುದು, ಫೀಡ್ ಓದಲೆಂದು ಬ್ರೌಸರ್‌ಗೆ ಸೇರಿಸಿಕೊಂಡ ಪುಟ್ಟ ತಂತ್ರಾಂಶವಾದ ಎಕ್ಸ್‌ಟೆನ್ಶನ್ ತೆಗೆದುಹಾಕಿ ಮತ್ತೆ ಹಾಕುವ ಉಪಾಯ. ಅದೊಂದನ್ನು ಮಾತ್ರ ಮಾಡಬೇಡಿ. ಫೀಡ್ ಓದಿಸುವ ಹೆಚ್ಚಿನ ಎಕ್ಸ್‌ಟೆನ್ಶನ್‌ಗಳು ನಿಮ್ಮ ಚಂದಾಪಟ್ಟಿಯನ್ನು ಬ್ರೌಸರ್‌ನ ಪ್ರೊಫೈಲ್ (ಬ್ರೌಸರ್ ನಿಮ್ಮ ಮಾಹಿತಿಯನ್ನು ಇಡುವ ಜಾಗ) ಒಳಗೇ ಇಟ್ಟಿರುತ್ತವೆ. ಎಕ್ಸ್‌ಟೆನ್ಶನ್ ತೆಗೆದರೆ ಅದರ ಜತೆ ವರ್ಷಗಟ್ಟಲೆ ಕೂಡಿಟ್ಟ ಪಟ್ಟಿಯೂ ಹೋಗುತ್ತದೆ. ಸುಮ್ಮನೆ ಆಫ್ ಮಾಡಿಟ್ಟರೆ ತೊಂದರೆಯಿಲ್ಲ.

ಮೊದಲು: ಕೆಟ್ಟಿದ್ದು ಯಾವುದು?

ಫೀಡ್ ಕೆಟ್ಟಿದೆಯೋ, ಅದನ್ನು ಓದಿಸುವ ಸಾಧನ ಕೆಟ್ಟಿದೆಯೋ ಅನ್ನುವುದು ಮೊದಲು ಗೊತ್ತಾಗಬೇಕು. ಯಾವುದಾದರೂ ಒಂದು ಫೀಡ್‌ನ ವಿಳಾಸವನ್ನು ಕಾಪಿ ಮಾಡಿ ಹೊಸ ಟ್ಯಾಬ್‌ನಲ್ಲಿ ತೆರೆಯಿರಿ. ಕ್ರೋಮ್‌ನಲ್ಲಾದರೆ, ಈ ಎಕ್ಸ್‌ಎಂಎಲ್ ಕಡತಕ್ಕೆ ಶೈಲಿಯ ಮಾಹಿತಿ ಇದ್ದಂತಿಲ್ಲ ಎಂಬರ್ಥದ ಒಂದು ಇಂಗ್ಲಿಷ್ ಸಾಲು, ಅದರ ಕೆಳಗೆ ಕೋನ ಆವರಣಗಳ ನಡುವೆ ಸಿಕ್ಕಿಕೊಂಡ ತಲೆಬರಹಗಳು ಕಾಣಬಹುದು. ಇದನ್ನು ನೋಡಿ ತಾಣವೇ ಹಾಳಾಯಿತೆಂದು ಗಾಬರಿಯಾಗುವವರುಂಟು. ನಿಜಕ್ಕೂ ಇದು ಶುಭಸುದ್ದಿ: ಫೀಡ್ ಬದುಕಿದೆ, ಕೆಟ್ಟಿರುವುದು ನಿಮ್ಮ ಕಡೆಯದು. ಕೆಲವು ಸಲ ಪುಟ ತೋರಿಸುವ ಬದಲು ಕಡತವನ್ನು ಇಳಿಸಿಕೊಳ್ಳುವಿರಾ ಎಂದು ಬ್ರೌಸರ್ ಕೇಳುತ್ತದೆ. ಅದಕ್ಕೂ ಇದೇ ಅರ್ಥ.

ಇಷ್ಟನೇ ಸಾಲಿನಲ್ಲಿ ತಪ್ಪಿದೆ ಎಂಬ ಸಂದೇಶ ಬಂದರೆ ದೋಷ ತಾಣದವರದು. ಕಡತದ ಮೊದಲ ಸಾಲಿಗೂ ಮುಂಚೆ ಒಂದು ಖಾಲಿ ಸಾಲು ನುಸುಳಿದರೂ ಸಾಕು, ತಲೆಬರಹದಲ್ಲಿ 'ಮತ್ತು' ಎಂಬುದರ ಇಂಗ್ಲಿಷ್ ಚಿಹ್ನೆಯನ್ನು ಹಾಗೇ ಹಾಕಿದರೂ ಸಾಕು, ಇಡೀ ಫೀಡ್ ಕೂತುಬಿಡುತ್ತದೆ. ಇದಕ್ಕೆ ನೀವು ಮಾಡಬಹುದಾದದ್ದು ಇಷ್ಟೇ: ವೆಬ್‌ನ ಮಾನದಂಡಗಳನ್ನು ರೂಪಿಸುವ ಸಂಸ್ಥೆಯಾದ ಡಬ್ಲ್ಯೂ3ಸಿಯ ಫೀಡ್ ಪರೀಕ್ಷಾ ಪುಟಕ್ಕೆ ವಿಳಾಸ ಕೊಟ್ಟು, ಬಂದ ಉತ್ತರವನ್ನು ತಾಣದವರಿಗೆ ಕಳಿಸಿ. ಒಬ್ಬರೇ ನಡೆಸುವ ಊರಿನ ಸಣ್ಣ ತಾಣಗಳಿಗೆ ಯಾರಾದರೂ ಹೇಳುವ ತನಕ ಇದು ಗೊತ್ತೇ ಆಗಿರುವುದಿಲ್ಲ.

404 ಅಥವಾ 410 (ಪುಟ ಇಲ್ಲಿಲ್ಲ ಎಂಬ ಸಂಕೇತಗಳು) ಬಂದರೆ ವಿಳಾಸ ಬದಲಾಗಿರಬೇಕು. ತಾಣದ ಮುಖಪುಟದಲ್ಲಿ ಕಂಟ್ರೋಲ್ ಮತ್ತು ಯು ಒತ್ತಿ, ತೆರೆದ ಪುಟದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಆರ್‌ಎಸ್‌ಎಸ್ ಅಥವಾ ಆಟಮ್ (ಫೀಡ್‌ನ ಇನ್ನೊಂದು ಬಗೆ) ಎಂದು ಹುಡುಕಿ. ಹೊಸ ವಿಳಾಸ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ವರ್ಡ್‌ಪ್ರೆಸ್ ತಾಣವಾದರೆ ಮುಖಪುಟದ ವಿಳಾಸದ ಕೊನೆಗೆ ಒಂದು ಸ್ಲ್ಯಾಶ್ ಹಾಕಿ ಇಂಗ್ಲಿಷ್‌ನಲ್ಲಿ ಫೀಡ್ ಎಂದು ಬರೆದರೆ ಮುಗಿಯಿತು. ಹಳೆಯ ಪಟ್ಟಿಗಳಲ್ಲಿ ಎಚ್‌ಟಿಟಿಪಿಯ ಜಾಗದಲ್ಲಿ ಫೀಡ್ ಎಂದೇ ಶುರುವಾಗುವ ವಿಳಾಸಗಳಿರುತ್ತವೆ. ಆ ಪದ ತೆಗೆದು ಎಚ್‌ಟಿಟಿಪಿಎಸ್ ಹಾಕಿ ನೋಡಿ.

ಕೆಟ್ಟಿದ್ದು ಬ್ರೌಸರ್ ಕಡೆಯದಾದರೆ

ಫೈರ್‌ಫಾಕ್ಸ್ ಫೀಡ್‌ಗಳನ್ನು ಬುಕ್‌ಮಾರ್ಕ್‌ನಂತೆ ತೋರಿಸುತ್ತಿದ್ದ ತನ್ನ ಲೈವ್ ಬುಕ್‌ಮಾರ್ಕ್ಸ್ ಸೌಲಭ್ಯವನ್ನು 2018ರ ಡಿಸೆಂಬರ್‌ನಲ್ಲಿ ಬಂದ 64ನೇ ಆವೃತ್ತಿಯಲ್ಲೇ ಕಿತ್ತುಹಾಕಿತು. ಮನೆಯ ಹಳೆಯ ಕಂಪ್ಯೂಟರನ್ನು ಈಗ ಅಪ್‌ಡೇಟ್ ಮಾಡಿದವರು ಡೆಸ್ಕ್‌ಟಾಪ್ ಮೇಲೆ ಕಣ್ಣು ಹಾಯಿಸಿ. ಹೋಗುವಾಗ ಅದು ನಿಮ್ಮ ಪಟ್ಟಿಯನ್ನು ಒಪಿಎಂಎಲ್ ಎಂಬ ಬಗೆಯ ಕಡತವಾಗಿ ಅಲ್ಲಿ ಬಿಟ್ಟುಹೋಗಿರಬಹುದು. ಏನೋ ಕಸವೆಂದು ಅಳಿಸಿಬಿಟ್ಟೀರಿ.

ಕ್ರೋಮ್‌ನ ಕಥೆ ಬೇರೆ. ಮ್ಯಾನಿಫೆಸ್ಟ್ ವಿ2 ಎಂಬ ಹಳೆಯ ನಿಯಮದಂತೆ ಬರೆದ ಎಕ್ಸ್‌ಟೆನ್ಶನ್‌ಗಳನ್ನು ಗೂಗಲ್ 2024ರಿಂದ ಒಂದೊಂದಾಗಿ ನಿಲ್ಲಿಸುತ್ತ ಬಂದು, 2025ರಲ್ಲಿ ಪೂರ್ತಿ ಮುಚ್ಚಿತು. ಎಕ್ಸ್‌ಟೆನ್ಶನ್‌ಗಳ ಪುಟದಲ್ಲಿ ನಿಮ್ಮದು ಮಂಕಾಗಿ ಕೂತು, ಇನ್ನು ಬೆಂಬಲವಿಲ್ಲ ಎಂದು ಬರೆದಿದ್ದರೆ ಅದನ್ನು ಎಬ್ಬಿಸುವ ಪ್ರಯತ್ನ ಬಿಡಿ. ಅದನ್ನು ಬರೆದವರೇ ಹೊಸ ಆವೃತ್ತಿ ತರಬೇಕು. ಹಾಗೆ ಬರೆದಿಲ್ಲವೆಂದರೆ ಅನುಮತಿ ನೋಡಿ. ಅಪ್‌ಡೇಟ್ ಆದಾಗ ಎಕ್ಸ್‌ಟೆನ್ಶನ್ ಹೆಚ್ಚಿನ ಅನುಮತಿ ಕೇಳಿದರೆ, ನೀವು ಒಪ್ಪುವ ತನಕ ಕ್ರೋಮ್ ಅದನ್ನು ಆಫ್ ಮಾಡಿಡುತ್ತದೆ. ಎಲ್ಲ ತಾಣಗಳಿಗೂ ಪ್ರವೇಶ ಕೊಡದಿದ್ದರೆ ಫೀಡ್ ತರಲು ಅದಕ್ಕೆ ದಾರಿಯೇ ಇರುವುದಿಲ್ಲ.

ಅಂಧೇರಿ, ಬಿಕೆಸಿ ಕಡೆಯ ಆಫೀಸಿನ ಕಂಪ್ಯೂಟರಾದರೆ ಐಟಿಯವರೇ ತಡೆದಿರಬಹುದು. ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ, ಮನೆಯಲ್ಲಿ ಓದಿ.

ಫೈರ್‌ಫಾಕ್ಸನ್ನು ಅಪ್‌ಡೇಟ್ ಮಾಡದೆ ಬೇರೆ ಫೋಲ್ಡರಿನಲ್ಲಿ ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದರೆ ಫೀಡ್ ಮಾತ್ರವಲ್ಲ, ಬುಕ್‌ಮಾರ್ಕ್‌ಗಳೂ ಮಾಯವಾದಂತೆ ಕಾಣುತ್ತವೆ. 67ನೇ ಆವೃತ್ತಿಯಿಂದೀಚೆಗೆ ಒಂದೊಂದು ಇನ್‌ಸ್ಟಾಲ್‌ಗೂ ಒಂದೊಂದು ಪ್ರೊಫೈಲ್. ವಿಳಾಸದ ಜಾಗದಲ್ಲಿ ಇಂಗ್ಲಿಷ್‌ನಲ್ಲಿ ಅಬೌಟ್, ಕೋಲನ್, ಪ್ರೊಫೈಲ್ಸ್ ಎಂದು ಬರೆದು ಎಂಟರ್ ಒತ್ತಿದರೆ ಹಳೆಯದು ಪಟ್ಟಿಯಲ್ಲಿ ಸಿಗುತ್ತದೆ.

ಪಟ್ಟಿಯನ್ನು ಹೊರಗೆ ತೆಗೆಯಿರಿ

ಎಕ್ಸ್‌ಟೆನ್ಶನ್ ಹೇಗೋ ತೆರೆದುಕೊಂಡರೆ, ಸುದ್ದಿ ಬರದಿದ್ದರೂ ಚಿಂತೆಯಿಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ಒಪಿಎಂಎಲ್ ಎಕ್ಸ್‌ಪೋರ್ಟ್ ಮಾಡಿ. ತೆರೆಯುತ್ತಲೇ ಇಲ್ಲವೆಂದರೆ, ಅದೇ ಪಟ್ಟಿ ಇರುವ, ಇನ್ನೂ ಅಪ್‌ಡೇಟ್ ಆಗದ ಇನ್ನೊಂದು ಕಂಪ್ಯೂಟರ್ ಇದೆಯೇ ನೋಡಿ. ಇದ್ದರೆ ಮೊದಲು ಅದರ ವೈಫೈ ಆಫ್ ಮಾಡಿ, ಆಮೇಲೆ ಬ್ರೌಸರ್ ತೆರೆಯಿರಿ. ಎಕ್ಸ್‌ಪೋರ್ಟ್‌ಗೆ ಇಂಟರ್‌ನೆಟ್ ಬೇಡ, ಅಪ್‌ಡೇಟ್‌ಗೆ ಬೇಕು.

ಕಡತ ಸಿಕ್ಕಿದ ಮೇಲೆ ಒಮ್ಮೆ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಒಂದೊಂದು ಫೀಡ್‌ಗೂ ಒಂದೊಂದು ನಮೂದು. ಅದರಲ್ಲಿ ಎಕ್ಸ್‌ಎಂಎಲ್ ಯುಆರ್‌ಎಲ್ ಎಂಬುದರ ಮುಂದೆ ಇರುವುದೇ ಫೀಡ್‌ನ ನಿಜವಾದ ವಿಳಾಸ. ಹೊಸ ರೀಡರ್ ಈ ಕಡತವನ್ನು ಒಪ್ಪದಿದ್ದರೂ ವಿಳಾಸಗಳನ್ನು ಕೈಯಾರೆ ಹಾಕಿಕೊಳ್ಳಬಹುದು. ಕಡತದ ಒಂದು ಪ್ರತಿಯನ್ನು ನಿಮಗೆ ನೀವೇ ಈಮೇಲ್ ಮಾಡಿಕೊಳ್ಳಿ.

ಮುಂದೆ ಎಲ್ಲಿ ಓದುವುದು?

ನನ್ನ ಮಟ್ಟಿಗೆ ಫೀಡನ್ನು ಮತ್ತೆ ಬ್ರೌಸರ್‌ಗೆ ಕಟ್ಟಿಹಾಕುವುದರಲ್ಲಿ ಅರ್ಥವಿಲ್ಲ. ಥಂಡರ್‌ಬರ್ಡ್ ಎಂಬ ಈಮೇಲ್ ತಂತ್ರಾಂಶ ಬಳಸಿ: ಈಮೇಲ್ ಖಾತೆಯಂತೆಯೇ ಅದರಲ್ಲಿ ಫೀಡ್ ಖಾತೆಯೊಂದನ್ನು ತೆರೆದು, ಚಂದಾ ನಿರ್ವಹಿಸುವ ಕಿಟಕಿಯಲ್ಲಿ ಇಂಪೋರ್ಟ್ ಒತ್ತಿ ಒಪಿಎಂಎಲ್ ಕೊಟ್ಟರಾಯಿತು. ಮ್ಯಾಕ್, ಐಫೋನ್‌ನವರಿಗೆ ಉಚಿತವಾದ ನೆಟ್‌ನ್ಯೂಸ್‌ವೈರ್ ಇದೆ. ಬ್ರೌಸರಿನಲ್ಲೇ ಬೇಕೆಂಬ ಹಟವಿದ್ದರೆ ವಿವಾಲ್ಡಿಯಲ್ಲಿ ಫೀಡ್ ರೀಡರ್ ಅದರದ್ದೇ ಅಂಗವಾಗಿ ಬರುತ್ತದೆ, ಎಕ್ಸ್‌ಟೆನ್ಶನ್ ಹಂಗಿಲ್ಲ. ಫೀಡ್‌ಲಿ, ಇನೋರೀಡರ್‌ನಂಥ ವೆಬ್ ಸೇವೆಗಳಲ್ಲಿ ಮೊಬೈಲ್, ಕಂಪ್ಯೂಟರ್ ಎರಡರಲ್ಲೂ ಒಂದೇ ಪಟ್ಟಿ ಸಿಗುತ್ತದೆ. ಆದರೆ ಇಂಥದ್ದೇ ಸೇವೆಯಾಗಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಬಾಗಿಲು ಹಾಕಿದ್ದು ನೆನಪಿರಲಿ. ಎಲ್ಲಿ ಓದಿದರೂ ಆಗಾಗ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ.

ಹೊಸ ಕಡೆ ಇಂಪೋರ್ಟ್ ಮಾಡಿದ ಕೂಡಲೇ ಹಳೆಯ ಸುದ್ದಿಗಳೆಲ್ಲ ಓದದವು ಎಂದು ರಾಶಿ ಬೀಳುತ್ತವೆ. ಎಲ್ಲವನ್ನೂ ಓದಿದ್ದೆಂದು ಗುರುತು ಹಾಕಿಬಿಡಿ. ಹೊಸ ಸುದ್ದಿ ಎಷ್ಟು ಹೊತ್ತಿಗೊಮ್ಮೆ ತರಬೇಕು ಎಂಬಲ್ಲಿ ಐದು ನಿಮಿಷ ಎಂದು ಇಡಬೇಡಿ. ಪದೇ ಪದೇ ಬಂದು ಕೇಳುವವರಿಗೆ ಕೆಲವು ಸರ್ವರ್‌ಗಳು 429 (ತೀರಾ ಹೆಚ್ಚು ಸಲ ಕೇಳಿದಿರಿ ಎಂಬ ಸಂಕೇತ) ಎಂದು ಹೇಳಿ ಬಾಗಿಲು ಮುಚ್ಚುತ್ತವೆ, ಆಗ ಫೀಡ್ ಮತ್ತೆ ಕೆಟ್ಟಂತೆಯೇ ಕಾಣುತ್ತದೆ. ಗಂಟೆಗೊಮ್ಮೆ ಸಾಕು.