ಮೇಜಿನ ಮೇಲೊಂದು ಟ್ಯಾಂಕ್ ಸೈಟ್: ಮೂರು ದೃಷ್ಟಿರೇಖೆ ಹೊಂದಿಸಿದ ಬಗೆ

ಟ್ಯಾಂಕಿನ ಗನ್ನರ್ ಗುರಿ ನೋಡುವ ಸಾಧನವಾದ ಸೈಟಿನಲ್ಲಿ ಹಗಲಿಗೊಂದು ಕಣ್ಣು, ಇರುಳಿಗೆ ಶಾಖವನ್ನು ಕಾಣುವ ಥರ್ಮಲ್ ಕ್ಯಾಮೆರಾ, ದೂರ ಅಳೆಯಲು ಲೇಸರ್ ಇರುತ್ತವೆ. ಇದರ ಮಾದರಿ ಕಟ್ಟುವ ವಿದ್ಯಾರ್ಥಿಗಳು ಝೂಮ್, ಮೆಗಾಪಿಕ್ಸೆಲ್ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಕಷ್ಟ ಇರುವುದು ಮೂರೂ ನೋಡುವ ರೇಖೆಗಳನ್ನು ಸಮಾನಾಂತರ ಮಾಡುವುದರಲ್ಲಿ. ಬೆಂಗಳೂರಿನ ಕಾಲೇಜು ಲ್ಯಾಬ್ ಒಂದಕ್ಕೆ ಮಾದರಿ ಕಟ್ಟಿದಾಗ ನನ್ನ ಹೆಚ್ಚಿನ ಹೊತ್ತು ಹಿಡಿದದ್ದೂ ಇದೇ.

ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಅತಿಗೆಂಪು ಬೆಳಕನ್ನು ತಡೆಯುವ ಫಿಲ್ಟರ್ ಇಲ್ಲದ ನೋ-ಐಆರ್ ಕ್ಯಾಮೆರಾ, 160×120 ಪಿಕ್ಸೆಲ್‌ನ ಲೆಪ್ಟಾನ್ 3.5 ಥರ್ಮಲ್ ಕ್ಯಾಮೆರಾ, ಬೆಳಕಿನಿಂದ ದೂರ ಅಳೆಯುವ ಟಿಎಫ್-ಲೂನಾ ಲೈಡಾರ್ ಬಳಸಿದೆ. ಲೆಪ್ಟಾನ್ ಆನ್‌ಲೈನ್‌ನಲ್ಲಿ ತರಿಸಿದ್ದು. ಬೋಲ್ಟು, ಸ್ಪ್ರಿಂಗು, ರೆಸಿಸ್ಟರ್ ಎಲ್ಲ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಕೊಂಡದ್ದು. 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟಿನ ನಡುವೆ ಕ್ಯಾಮೆರಾ ಬಿಗಿದು, ಬಲಕ್ಕೆ 40 ಮಿ.ಮೀ. ದೂರದಲ್ಲಿ ಥರ್ಮಲ್, ಎಡಕ್ಕೆ ಅಷ್ಟೇ ದೂರದಲ್ಲಿ ಲೈಡಾರ್. ಈ ಎರಡನ್ನೂ ಮೂರು ಎಂ3 ಬೋಲ್ಟು, ಸ್ಪ್ರಿಂಗುಗಳ ಮೇಲೆ ನಿಲ್ಲಿಸಬೇಕು. ಎಂ3 ಬೋಲ್ಟಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಸಾಗುವ ದೂರ, 0.5 ಮಿ.ಮೀ.; ಬೋಲ್ಟುಗಳ ನಡುವೆ 50 ಮಿ.ಮೀ. ಇದ್ದರೆ ಒಂದು ಸುತ್ತಿಗೆ 10 ಮಿಲಿರೇಡಿಯನ್ ವಾಲುತ್ತದೆ (1 ಮಿಲಿರೇಡಿಯನ್ ಎಂದರೆ ಮೀಟರ್ ದೂರಕ್ಕೆ 1 ಮಿ.ಮೀ. ಓರೆ). ಲೆಪ್ಟಾನಿನ ಒಂದು ಪಿಕ್ಸೆಲ್ ಸುಮಾರು 6 ಮಿಲಿರೇಡಿಯನ್. ಅಂದರೆ ಅರ್ಧ ಸುತ್ತಿಗೆ ಒಂದು ಪಿಕ್ಸೆಲ್ಲೂ ಸರಿಯುವುದಿಲ್ಲ, ಆತುರ ಬೇಡ.

ಎಲ್ಲರೂ ಎಡವುವ ಜಾಗ, ರೇಖೆಗಳನ್ನು ಹೊಂದಿಸಲು ಎದುರಿಗೆ ಇಡುವ ಗುರಿ ಹಲಗೆ. 5 ಮೀಟರ್ ದೂರದ ಒಂದೇ ಚುಕ್ಕೆಗೆ ಮೂರನ್ನೂ ತಿರುಗಿಸಿದರೆ ರೇಖೆಗಳು ಅಲ್ಲೇ ಒಂದನ್ನೊಂದು ದಾಟುತ್ತವೆ. 40 ಮಿ.ಮೀ.ಗೆ 5 ಮೀಟರ್ ಎಂದರೆ 8 ಮಿಲಿರೇಡಿಯನ್ ಓರೆ. ಅದೇ ಓರೆ 2 ಕಿ.ಮೀ. ಹೋದರೆ 16 ಮೀಟರ್ ಆಚೆ! ಹಾಗಾಗಿ ಹಲಗೆಯ ಮೇಲೂ 40 ಮಿ.ಮೀ. ಅಂತರದಲ್ಲೇ ಮೂರು ಗುರುತು ಹಾಕಬೇಕು. ಆಗ ಹೊಂದಾಣಿಕೆ ಸರಿಯಿದ್ದರೆ ಎಷ್ಟು ದೂರ ಹೋದರೂ ಕ್ಯಾಮೆರಾದ ರೇಖೆಯಿಂದ ಉಳಿದೆರಡರ ವ್ಯತ್ಯಾಸ 40 ಮಿ.ಮೀ. ಮೀರದು. ಥರ್ಮಲ್ ಗುರುತನ್ನು ಬಿಸಿ ಮಾಡುವ ರೆಸಿಸ್ಟರನ್ನು ಹಲಗೆಯ ಹಿಂಬದಿಯಿಂದ ಕೂರಿಸುವಾಗ ಎಡಬಲ ಅದಲುಬದಲಾಗುತ್ತದೆ, ಮುಂದೆ ಬಂದು ನೋಡಿಕೊಳ್ಳಿ.

ಥರ್ಮಲ್ ಗುರುತಿಗೆ 60 ಮಿ.ಮೀ. ಚದರದ ತೆಳು ಅಲ್ಯೂಮಿನಿಯಂ ತಗಡು, ಹಿಂದೆ 47 ಓಮ್, 5 ವಾಟ್ ಸಿಮೆಂಟ್ ರೆಸಿಸ್ಟರ್, 12 ವೋಲ್ಟ್. ಸುಮಾರು 3 ವಾಟ್ ಶಾಖ ಸಾಕು. 10 ಓಮ್ ಹಾಕಿದರೆ 14.4 ವಾಟ್, ಹೊಗೆ ಗ್ಯಾರಂಟಿ. ತಗಡನ್ನು ಬರಿದಾಗಿ ಬಿಟ್ಟರೆ ಅದು ಕನ್ನಡಿಯಂತೆ ನಿಮ್ಮ ಮೈಶಾಖವನ್ನೇ ತೋರಿಸುತ್ತದೆ. ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ. ಆ ದೂರಕ್ಕೆ ತಗಡು ಎರಡು ಪಿಕ್ಸೆಲ್ ಅಗಲವಷ್ಟೇ, ಆದ್ದರಿಂದ ಕಣ್ಣಳತೆ ಬಿಟ್ಟು ಬಿಸಿ ಪಿಕ್ಸೆಲ್‌ಗಳ ತೂಕದ ಸರಾಸರಿಯಿಂದ ಕೇಂದ್ರ ತೆಗೆಯಬೇಕು. ಲೆಪ್ಟಾನ್ ಆಗಾಗ ಟಿಕ್ ಎಂದು ಶಟರ್ ಮುಚ್ಚಿಕೊಂಡು ಸರಿಪಡಿಸಿಕೊಳ್ಳುತ್ತದೆ; ಆ ಫ್ರೇಮ್‌ಗಳನ್ನು ಲೆಕ್ಕಕ್ಕೆ ಸೇರಿಸಬೇಡಿ.

ಲೈಡಾರಿನ 850 ನ್ಯಾನೋಮೀಟರ್ ಬೆಳಕು ನಮಗೆ ಕಾಣದಿದ್ದರೂ ನೋ-ಐಆರ್ ಕ್ಯಾಮೆರಾಕ್ಕೆ ಕಾಣುತ್ತದೆ. ಆ ಕ್ಯಾಮೆರಾ ಆರಿಸಿದ್ದೇ ಅದಕ್ಕೆ. 5 ಮೀಟರ್‌ನಲ್ಲಿ ಲೈಡಾರಿನ ನೋಟದ ಅಗಲ ಸುಮಾರು 17 ಸೆಂ.ಮೀ., ಆದ್ದರಿಂದ ಬೆಳಕಿನ ಅಂಚುಗಳನ್ನು ಗುರುತಿಸಿ ನಡುವನ್ನು ಹಿಡಿಯಿರಿ. ತಾರಸಿಯ ಬಿಸಿಲಿನಲ್ಲಿ ಬೆಳಕು ಮುಳುಗಿಹೋಗುತ್ತದೆ. ಉದ್ದನೆಯ ಕಾರಿಡಾರೇ ವಾಸಿ. ನಿಜವಾದ ಟ್ಯಾಂಕ್‌ಗಳಲ್ಲಿ ಕಣ್ಣಿಗೆ ಅಪಾಯಕಾರಿಯಾದ 1.06 ಮೈಕ್ರಾನ್ ಲೇಸರಿನ ಜಾಗಕ್ಕೆ 1.54 ಮೈಕ್ರಾನಿನದು ಬರುತ್ತಿದೆ. ಮಾದರಿಗೆ ಅವೆರಡೂ ಬೇಡ.

ಧೂಳಿಗೆಂದು ಮುಂದೆ ಗಾಜು ಅಥವಾ ಅಕ್ರಿಲಿಕ್ ಹಾಕಿದರೆ ಥರ್ಮಲ್ ಕುರುಡು. ಟ್ಯಾಂಕಿನಲ್ಲಿ ಜರ್ಮೇನಿಯಂ ಕಿಟಕಿ ಇರುವುದು ಈ ಕಾರಣಕ್ಕೇ. ನಮಗೆ ತೆಳು ಪಾಲಿಥೀನ್ ಹಾಳೆ ಸಾಕು.

ಪೈ ಬಿಸಿಯಾದರೆ ಪ್ಲೇಟ್ ಒಂದು ಬದಿ ಹಿಗ್ಗಿ ಹೊಂದಾಣಿಕೆ ಸರಿಯುತ್ತದೆ. ನೈಲಾನ್ ಸ್ಪೇಸರ್ ಕೊಟ್ಟು ದೂರ ಇಡಿ. ಬಿಸಿಲಿಗೆ ಬಾಗುವ ತೋಪಿನ ನಳಿಕೆಗೆ ಶಾಖ ತಡೆಯುವ ಕವಚ, ಬಾಗಿದ್ದನ್ನು ಪತ್ತೆಮಾಡಲು ನಳಿಕೆಯ ತುದಿಯಲ್ಲೊಂದು ಕನ್ನಡಿ ಇರುವುದೂ ಇಂಥದ್ದೇ ತೊಂದರೆಗೆ. ಕೊನೆಗೆ ಚೆಕ್‌ನಟ್ (ಬೋಲ್ಟು ಸಡಿಲವಾಗದಂತೆ ಹಿಡಿಯುವ ನಟ್) ಬಿಗಿಯುವಾಗ ರೇಖೆ ತುಸು ಅಲುಗುತ್ತದೆ. ಬಿಗಿದ ಮೇಲೆ ಮತ್ತೆ ಅಳೆದು, ಉಳಿದ ವ್ಯತ್ಯಾಸವನ್ನು ಸಾಫ್ಟ್‌ವೇರಿನಲ್ಲಿ ಆಫ್‌ಸೆಟ್ ಆಗಿ ಕೊಟ್ಟುಬಿಡಿ.