ಪ್ರವಾಸದ ಒಲೆ: ಮೊದಲು ಇಂಧನವನ್ನು ಆರಿಸಿ

ಚಾರಣಕ್ಕೋ ದೂರದ ಪ್ರವಾಸಕ್ಕೋ ಒಲೆ ಕೊಳ್ಳುವವರು ಸಾಮಾನ್ಯವಾಗಿ ಅದರ ತೂಕ ಮತ್ತು ಬೆಲೆಯನ್ನು ವಿಚಾರಿಸುತ್ತಾರೆ. ಆದರೆ ಅದಕ್ಕೂ ಮೊದಲು ವಿಚಾರಿಸಬೇಕಾದದ್ದು, ಆ ಒಲೆಗೆ ಬೇಕಾದ ಇಂಧನ ನಾವು ಹೋಗುವ ಊರಿನಲ್ಲಿ ಸಿಗುತ್ತದೆಯೇ ಎಂಬುದನ್ನು. ಗ್ಯಾಸ್ ಕ್ಯಾನಿಸ್ಟರನ್ನು, ಅಂದರೆ ಒಲೆಗೆ ಜೋಡಿಸುವ ಅನಿಲದ ಡಬ್ಬಿಯನ್ನು, ವಿಮಾನದಲ್ಲಿ ಕೈಚೀಲದಲ್ಲಾಗಲಿ ಚೆಕ್-ಇನ್ ಲಗೇಜಿನಲ್ಲಾಗಲಿ ಒಯ್ಯುವಂತಿಲ್ಲ. ರೈಲಿನಲ್ಲಿಯೂ ಅದು ನಿಷಿದ್ಧ. 2023ರ ಆಗಸ್ಟ್ 26ರಂದು ಮದುರೈಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಯೊಳಗೆ ಕದ್ದು ತಂದಿದ್ದ ಸಿಲಿಂಡರಿನಿಂದ ಬೆಂಕಿ ಹೊತ್ತಿ 9 ಮಂದಿ ಪ್ರಾಣ ಕಳೆದುಕೊಂಡದ್ದನ್ನು ಯಾರೂ ಮರೆಯಬಾರದು. ಆದ್ದರಿಂದ ಬೆಂಗಳೂರಿನಿಂದ ಲೇಹ್‌ಗೆ ವಿಮಾನದಲ್ಲಿ ಹೋಗುವವರು ಇಂಧನವನ್ನು ಅಲ್ಲಿಯೇ ಕೊಳ್ಳಬೇಕು.

ಕ್ಯಾನಿಸ್ಟರಿನಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ: ಪೆಟ್ಟಿಗೆಯಾಕಾರದ ಒಲೆಯೊಳಗೆ ಅಡ್ಡಲಾಗಿ ಕೂರುವ ಉದ್ದನೆಯ ಬ್ಯುಟೇನ್ ಡಬ್ಬಿ, ಮತ್ತು ಬರ್ನರನ್ನು ಮೇಲೆ ತಿರುಗಿಸಿ ಕೂರಿಸುವ ಗಿಡ್ಡನೆಯ ಡಬ್ಬಿ. ಅಡಾಪ್ಟರ್ ಇಲ್ಲದೆ ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ. ಡಬ್ಬಿಯ ಮೇಲೆ ಬರೆದಿರುವ ಅನಿಲದ ಹೆಸರನ್ನೂ ಓದಬೇಕು, ಏಕೆಂದರೆ ಬ್ಯುಟೇನ್ ಸುಮಾರು 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅನಿಲವಾಗುವುದೇ ಇಲ್ಲ. ಪಶ್ಚಿಮ ಘಟ್ಟದ ಚಳಿಗೆ ಅದು ಸಾಕು. ಹಿಮಾಲಯದ ರಾತ್ರಿಗೆ ಐಸೊಬ್ಯುಟೇನ್ ಮತ್ತು ಪ್ರೋಪೇನ್ ಬೆರೆತದ್ದೇ ಬೇಕು.

ಏನು ಬೇಯಿಸುತ್ತೀರಿ ಎಂಬುದರ ಮೇಲೆಯೂ ಆಯ್ಕೆ ನಿಂತಿದೆ. ಕಾಫಿಗೋ ನೂಡಲ್ಸಿಗೋ ನೀರು ಕಾಯಿಸುವುದಷ್ಟೇ ಆದರೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಬರ್ನರ್ ಸಾಕು. ಅನ್ನ, ಸಾರು ಮಾಡುವವರಿಗೆ ಉರಿಯನ್ನು ಚೆನ್ನಾಗಿ ಸಣ್ಣದು ಮಾಡಲು ಬರುವ, ಪಾತ್ರೆ ಅಲುಗದಂತೆ ಅಗಲವಾದ ಕಾಲುಗಳುಳ್ಳ ಒಲೆ ಬೇಕು. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುವುದರಿಂದ ಬೇಳೆ ಬೇಯಲು ತುಂಬ ಹೊತ್ತು ಹಿಡಿಯುತ್ತದೆ. ಅಲ್ಲಿಗೆ ಚಿಕ್ಕ ಕುಕ್ಕರನ್ನು ಹೊರುವಂಥ ಒಲೆಯನ್ನೇ ಒಯ್ಯುವುದು ಜಾಣತನ. ಕಾರಿನಲ್ಲಿ ಕುಟುಂಬದೊಡನೆ ಹೋಗುವವರಿಗೆ ತೂಕದ ಚಿಂತೆಯಿಲ್ಲ, ಪೆಟ್ಟಿಗೆಯ ಒಲೆ ಅವರಿಗೆ ಸುಲಭ.

ಗಾಳಿ ಬೀಸುವಲ್ಲಿ ಉರಿಗೆ ಮರೆ ಕಟ್ಟಬೇಕು ನಿಜ, ಆದರೆ ಕ್ಯಾನಿಸ್ಟರನ್ನೂ ಸೇರಿಸಿ ಸುತ್ತಲೂ ಮುಚ್ಚಿದರೆ ಅದು ಕಾದು ಸಿಡಿಯಬಹುದು. ಟೆಂಟಿನ ಒಳಗೆ, ಎಂಥ ಮಳೆಯಿದ್ದರೂ, ಒಲೆ ಹಚ್ಚಬೇಡಿ. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗಿದವರನ್ನು ಎಚ್ಚರಿಸದೆಯೇ ಕೊಲ್ಲುತ್ತದೆ. ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಲೆ ಹೊತ್ತಿಸಬಾರದು, ಬೇಸಿಗೆಯಲ್ಲಂತೂ ಒಣ ಹುಲ್ಲಿನ ಹತ್ತಿರವೂ ಇಡಬಾರದು.

ಕೊಂಡ ಮೇಲೆ, ಪ್ರವಾಸಕ್ಕೆ ಒಯ್ಯುವ ಪಾತ್ರೆಯನ್ನೇ ಇಟ್ಟು ಮನೆಯಂಗಳದಲ್ಲಿ ಒಂದು ಹೊತ್ತಿನ ಅಡುಗೆ ಮಾಡಿ ನೋಡಿ. ಕ್ಯಾನಿಸ್ಟರನ್ನು ಮೊದಲೂ ಆಮೇಲೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ, ಒಂದು ಊಟಕ್ಕೆ ಎಷ್ಟು ಗ್ರಾಂ ಗ್ಯಾಸ್ ಖರ್ಚಾಗುತ್ತದೆ, ಎಷ್ಟು ಡಬ್ಬಿ ಕೊಳ್ಳಬೇಕು ಎಂಬ ಲೆಕ್ಕ ಸಿಗುತ್ತದೆ.